ಬ್ರೇಕು ತುಳಿಯುವ ಕಾಲಿಗೆ ವಾಲ್ಟ್ಸ್

"ಊರಿಗೆ ಊರನ್ನೇ ಕಾರು ಓಡಿಸೋಕೆ ಕಲಿಸಿದವನು ನಾನು. ಕಟ್ಟಿಕೊಂಡ ಹೆಂಡತೀನ ಒಂದು ಸುತ್ತು ತಿರುಗಿಸೋಕಾಗಲ್ವಾ?" ಎಂದು ಮೀಸೆ ತಿರುವಿಯೇ ಡ್ರೈವಿಂಗ್ ಮೇಷ್ಟ್ರು ಬಾಲ್‌ರೂಮ್ ಡಾನ್ಸ್ ಕ್ಲಾಸಿಗೆ ಸೇರಿದ್ದು.

ಆದರೆ ಆ ಬಲಗಾಲು! ಜೀವಮಾನವಿಡೀ ಎಲ್ ಬೋರ್ಡಿನ ಕಾರಿನಲ್ಲಿ ಕಲಿಯುವವರ ಪಕ್ಕ ಕೂತು, ತನಗೆಂದೇ ಇಟ್ಟ ಎರಡನೇ ಬ್ರೇಕು ತುಳಿದು ಅನ್ನ ಸಂಪಾದಿಸಿದ ಕಾಲು. ಎದುರಿಗೆ ಯಾರಾದರೂ ಅಡ್ಡ ಬಂದರೆ ಮೇಷ್ಟ್ರ ಅಪ್ಪಣೆಗೂ ಕಾಯದೆ ಧಡಾರನೆ ಇಳಿಯುತ್ತಿತ್ತು. ಇಲ್ಲಿ ಬ್ರೇಕಿರಬೇಕಾದ ಜಾಗದಲ್ಲಿ ಹೆಂಡತಿಯ ಹೆಬ್ಬೆರಳಿತ್ತು!

ವಾಲ್ಟ್ಸ್‌ನಲ್ಲಿ ತೇಲಬೇಕು, ಇವರು ಗುದ್ದಿದರು. ಟ್ಯಾಂಗೋದಲ್ಲಿ ಗಕ್ಕನೆ ನಿಲ್ಲಬೇಕು. ಇವರಷ್ಟು ಚೆನ್ನಾಗಿ ನಿಂತವರು ಭೂಮಂಡಲದಲ್ಲೇ ಇಲ್ಲ, ಮತ್ತೆ ಹೊರಡಿಸುವುದಕ್ಕೆ ಮಾತ್ರ ತಳ್ಳುವವರು ಬೇಕಾಯಿತು. ಚಾ-ಚಾ ಮುಗಿಯುವಷ್ಟರಲ್ಲಿ ಹೆಬ್ಬೆರಳು ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು.

ಡಾನ್ಸ್ ಟೀಚರ್ ತೀರ್ಪು ಕೊಟ್ಟೇಬಿಟ್ಟರು: "ನಾಳೆ ಪ್ರದರ್ಶನ. ಈಗಿನ ವಾಲ್ಟ್ಸ್‌ನಲ್ಲಿ ಇನ್ನೊಂದ್ಸಲ ತುಳಿದ್ರೆ, ನಿಮ್ಮ ಮನೆಯವ್ರ ಜೊತೆ ನಾಳೆ ಕುಣಿಯೋದು ಡಾಕ್ಟ್ರು!"

ಜೋಡಿಯಿಲ್ಲದೆ ಗೋಡೆಗೊರಗಿದ್ದ ಹಲ್ಲಿನ ಡಾಕ್ಟರು ತಮ್ಮ ಸ್ವಂತ ಮೂವತ್ತೆರಡನ್ನೂ ಪ್ರದರ್ಶಿಸಿದರು.

"ಮದುವೆಯಾದಾಗಿಂದ ಆಸೆ ಕಣ್ರೀ," ಎಂದಳು ಹೆಂಡತಿ ಮೆಲ್ಲಗೆ. "ಅದೂ ನಿಮ್ಮ ಜೊತೇನೇ ಕುಣೀಬೇಕು ಅಂತ."

ಅವಳು ಏನೋ ನೆನಪಾದಂತೆ ಕಾರಿನ ತನಕ ಕುಂಟುತ್ತಾ ಹೋಗಿ ಬಂದಳು. ಸಂಗೀತ ಶುರುವಾಯಿತು. ಅವಳ ಕೈ ಮೇಷ್ಟ್ರ ಬೆನ್ನನ್ನು ಎರಡು ಸಲ ಗಟ್ಟಿಯಾಗಿ ತಟ್ಟಿತು. ಆಹಾ, ಧೈರ್ಯ ತುಂಬುತ್ತಿದ್ದಾಳೆ!

"ಉಸಿರಾಡ್ರೀ! ಅದಕ್ಕೂ ಬ್ರೇಕ್ ಹಾಕ್ಬೇಡಿ," ಎಂದಳು.

ಮೂಲೆಯ ತಿರುವು ಬಂತು. ಸದಾ ಜನ ಗಿಜಿಗುಡುವ ಜಾಗ. ಬಲಗಾಲು ಮೇಲೆದ್ದಿತು. ಡಾಕ್ಟರು ಕೋಟಿನ ಗುಂಡಿ ಹಾಕಿಕೊಂಡು ಒಂದು ಹೆಜ್ಜೆ ಮುಂದೆ ಬಂದರು. ಹೆಂಡತಿ ಕಣ್ಣು ಮುಚ್ಚಿದಳು.

ಆದರೆ ಎದುರಿಗೆ ನರಪಿಳ್ಳೆಯೂ ಇರಲಿಲ್ಲ! ಇದ್ದಬದ್ದ ಜೋಡಿಗಳೆಲ್ಲ ಗೋಡೆಗೆ ಅಂಟಿಕೊಂಡಿದ್ದವು. ತುಳಿಯಲು ಕಾರಣವೇ ಸಿಗದ ಕಾಲು ಪೆಚ್ಚಾಗಿ, ಹೂವಿನಂತೆ ನೆಲಕ್ಕಿಳಿಯಿತು. ಮೇಷ್ಟ್ರು ತಿರುಗಿದರು, ತೇಲಿದರು, ಹಾಲ್ ತುಂಬ ಚಕ್ರವರ್ತಿಯಂತೆ ಮೆರೆದರು. ಸಂಗೀತ ನಿಂತಾಗ ಹೆಬ್ಬೆರಳು ಕ್ಷೇಮವಾಗಿತ್ತು. ಡಾಕ್ಟರು ಗುಂಡಿ ಬಿಚ್ಚಿದರು.

"ನೋಡಿದ್ಯೇನೇ? ನನ್ನ ಗತ್ತಿಗೆ ಇಡೀ ಹಾಲೇ ದಾರಿ ಬಿಡ್ತು!"

"ಬಿಡದೆ ಏನ್ಮಾಡ್ತಾರೆ?" ಎನ್ನುತ್ತಾ ಹೆಂಡತಿ ಅವರ ಬೆನ್ನಿನಿಂದ ಕೆಂಪು ಎಲ್ ಬೋರ್ಡನ್ನು ಚರ್‍ರನೆ ಕಿತ್ತಳು. "ನೀವೇ ಹೇಳ್ತಿದ್ರಲ್ಲ, ಇದನ್ನ ಕಂಡ್ರೆ ಎಂಥಾ ಲಾರಿಯವನೂ ಪಕ್ಕಕ್ಕೆ ಸರೀತಾನೆ ಅಂತ!"