ಇಬ್ಬರ ಅಳತೆಯ ಒಂದು ಕೋಟು

ಬಟ್ಟೆ ತರೋದಕ್ಕೆ ಅಂತ ಬೇರೆ ಊರಿಗೆ ಹೋದವರು ಬರೀ ಬಟ್ಟೆ ತಗೊಂಡು ಸುಮ್ಮನೆ ವಾಪಸ್ಸು ಬಂದದ್ದನ್ನು ನಾನಂತೂ ಕಂಡಿಲ್ಲ. ಗಂಟಿನ ಜೊತೆಗೆ ಒಂದಲ್ಲ ಒಂದು ಪಜೀತಿ ಬಂದೇ ಬರುತ್ತದೆ. ನಮ್ಮ ಮನೆತನಕ್ಕೆ ಬಂದದ್ದನ್ನೆಲ್ಲ ಹೇಳುತ್ತ ಕೂತರೆ ನಿಮಗೆ ಊಟದ ಹೊತ್ತು ಮೀರುತ್ತದೆ. ಒಂದು ಕೋಟಿನದನ್ನು ಮಾತ್ರ ಹೇಳ್ತೀನಿ. ಯಾಕೆಂದರೆ ಅದರೊಳಗೆ ನಾನೇ ಇದ್ದೆ.

ಐವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಯುದ್ಧದ ಕಾಲದ ಬಟ್ಟೆ ಕಂಟ್ರೋಲಿನ ಕಾಟ ಮುಗಿದು, ಅಂಗಡಿಗಳಲ್ಲಿ ಮತ್ತೆ ಬಟ್ಟೆ ಕಾಣಿಸತೊಡಗಿತ್ತು. ನಾನು ಕಡೂರಿನಲ್ಲಿ ಮಿಡ್ಲ್‌ಸ್ಕೂಲ್ ಮೇಷ್ಟ್ರು. ಪಂಚೆ ಉಟ್ಟು ಷರಟು ಹಾಕಿದರೆ ನನ್ನ ಸಿಂಗಾರ ಮುಗಿಯಿತು. ಇಡೀ ಸ್ಕೂಲಿಗೆ ಇದ್ದದ್ದು ಹೆಡ್‌ಮೇಷ್ಟ್ರ ಕೋಟು ಒಂದೇ. ಇನ್ಸ್‌ಪೆಕ್ಟರು ಬಂದ ದಿನ ಅವರು ಹಾಕಿಕೊಳ್ಳುವರು, ಹೆಣ್ಣು ನೋಡಲು ಹೋಗುವ ದಿನ ನಾವು.

ಆದರೆ ಈ ಸಲ ಹೆಡ್‌ಮೇಷ್ಟ್ರ ಕೋಟು ನಡೆಯುವಂತಿರಲಿಲ್ಲ. ಹುಡುಗಿ ಮಲ್ಲೇಶ್ವರದವಳು. ತಂದೆ ಸರ್ಕಾರದಲ್ಲಿ ಆಡಿಟ್ ಕೆಲಸ ಮಾಡಿದವರು. ಅವರ ದೊಡ್ಡ ಮಗಳನ್ನು ನೋಡಲು ಬಂದ ಗಂಡು ಯಾರದೋ ಸೂಟು ಇಸ್ಕೊಂಡು ಬಂದಿದ್ದನಂತೆ. ಮದುವೆಯಾದ ಮೇಲೆ ಸೂಟಿನ ಯಜಮಾನ ಮನೆಗೇ ಬಂದು ಕೇಳಿದಾಗ ಗುಟ್ಟು ಬಯಲಾಯಿತು. ಅಂದಿನಿಂದ ಅವರದು ಒಂದೇ ಷರತ್ತು: "ಹುಡುಗ ಪಂಚೇಲಿ ಬೇಕಾದ್ರೂ ಬರ್ಲಿ, ಸೂಟಲ್ಲಿ ಬೇಕಾದ್ರೂ ಬರ್ಲಿ. ಇನ್ನೊಬ್ಬರ ಬಟ್ಟೇಲಿ ಬಂದ್ರೆ ಬಾಗಿಲಿಂದಲೇ ವಾಪಸ್ಸು." ಆದರೆ ಅವರ ಹೆಂಡತಿಗೆ ಅಳಿಯ ಸೂಟಿನಲ್ಲೇ ಬರಬೇಕು ಅಂತ ಆಸೆ. ಇದನ್ನೆಲ್ಲ ಸಂಬಂಧ ತಂದವರು ನಮ್ಮಮ್ಮನ ಕಿವಿಗೆ ಹಾಕಿದ್ದರು.

ನನಗೆ ಆ ಹುಡುಗಿಯೇ ಬೇಕಾಗಿತ್ತು. ಬೀರೂರಿನಲ್ಲಿ ಒಂದು ಮದುವೆಯಲ್ಲಿ ಅವಳು ತುಪ್ಪ ಬಡಿಸುತ್ತ ಬಂದು, ಎಲೆಗೆ ಹಾಕಬೇಕಾದದ್ದನ್ನು ನನ್ನ ತೊಡೆಗೆ ಹಾಕಿದ್ದಳು. "ಅಯ್ಯೋ, ಎಲೆ ಇನ್ನೂ ಸ್ವಲ್ಪ ಮುಂದಿತ್ತು ಅಲ್ವಾ?" ಅಂತ ನಕ್ಕಳು. ಆ ನಗು ಕಂಡ ಮೇಲೆ ಬೇರೆ ಯಾವ ಜಾತಕ ಬಂದರೂ ನನಗೆ ಹೊಟ್ಟೆನೋವು ಬರುತ್ತಿತ್ತು.

ಹಾಗಾಗಿ ಅಮ್ಮ, ಅಮ್ಮನ ತಮ್ಮನಾದ ನನ್ನ ಸೋದರಮಾವ ಮತ್ತು ನಾನು ಸೂಟು ಹೊಲಿಸಲು ರೈಲು ಹತ್ತಿದೆವು. ಅಪ್ಪನಿಗೆ ಬೆಂಗಳೂರಿನ ನೀರು ಆಗುತ್ತಿರಲಿಲ್ಲ, ಅವರು ಊರಲ್ಲೇ ಉಳಿದರು. ಚಾಮರಾಜಪೇಟೆಯ ಚಿಕ್ಕಮ್ಮನ ಮನೆಯಲ್ಲಿ ಬಿಡಾರ. ಹುಡುಗಿ ನೋಡುವುದು ಮುಂದಿನ ಭಾನುವಾರ. ಅಷ್ಟರಲ್ಲಿ ಸೂಟು ಮೈಮೇಲಿರಬೇಕು.

ಡಿಕಾಕ್ಷನ್ ಪರೀಕ್ಷೆ

ಚಿಕ್ಕಪೇಟೆಗೆ ಹೊರಡುವ ಮುಂಚೆಯೇ ಅಮ್ಮ ಮಾವನಿಗೆ ಕಟ್ಟಪ್ಪಣೆ ಮಾಡಿದಳು. "ನೋಡು, ಅಂಗಡಿಯವರು ಕಾಫಿ ತರಿಸ್ತಾರೆ. ಕುಡೀಬೇಡ. ಅವರ ಕಾಫಿ ಕುಡಿದ್ರೆ ಆಮೇಲೆ ಚೌಕಾಸಿ ಮಾಡೋಕೆ ಬಾಯಿ ಬರಲ್ಲ."

"ನಾನ್ಯಾಕೆ ಕುಡೀಲಿ ಅಕ್ಕ," ಅಂದ ಮಾವ.

ಆಗಿನ ಬಟ್ಟೆ ಅಂಗಡಿ ಅಂದರೆ ಈಗಿನ ಹಾಗೆ ನಿಂತುಕೊಂಡು ಕೊಳ್ಳುವುದಲ್ಲ. ಚಪ್ಪಲಿ ಬಿಟ್ಟು ಹತ್ತಿ, ಬಿಳೀ ಗಾದಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂರಬೇಕು. ಒಂದು ಥಾನು ಬಿಚ್ಚಿದರೆ ಬಟ್ಟೆಯ ಸುರುಳಿ ಸರ್ರನೆ ಉರುಳಿ ನಮ್ಮ ಮಂಡಿ ಮುಟ್ಟುತ್ತಿತ್ತು. ಹೊಸ ಬಟ್ಟೆಯ ಗಂಜಿಯ ವಾಸನೆ, ಊದುಬತ್ತಿ, ಯಜಮಾನರ "ಬನ್ನಿ ತಾಯಿ, ಊರಲ್ಲಿ ಮಳೆ ಹೇಗೆ?" ಅನ್ನುವ ಮಾತು. ಕೊಳ್ಳದಿದ್ದರೂ ಒಂದು ಗಳಿಗೆ ಕೂತು ಬರೋಣ ಅನ್ನಿಸುತ್ತಿತ್ತು.

ಮೊದಲನೇ ಅಂಗಡಿಯಲ್ಲಿ ಕಾಫಿ ಬಂತು. ಅಮ್ಮ ಬೇಡ ಅಂದಳು, ನಾನು ಬೇಡ ಅಂದೆ. ಮಾವ ಕುಡಿದ. ಅಮ್ಮ ಕೆಂಗಣ್ಣು ಬಿಟ್ಟು ನಮ್ಮನ್ನು ಎಬ್ಬಿಸಿಕೊಂಡು ಹೊರಬಿದ್ದಳು. ಎರಡನೇ ಅಂಗಡಿಯಲ್ಲೂ ಕುಡಿದ. "ಬಲವಂತ ಮಾಡಿದ್ರು ಅಕ್ಕ" ಅಂದ. ಯಾರೂ ಬಲವಂತ ಮಾಡಿರಲಿಲ್ಲ, ಲೋಟ ಇಟ್ಟ ಸದ್ದಿಗೇ ಇವನ ಕೈ ಮುಂದೆ ಹೋಗಿತ್ತು. ಹೀಗೇ ಬೀದಿಯ ಅರ್ಧ ಅಂಗಡಿಗಳ ಋಣ ತಲೆ ಮೇಲೆ ಹೊತ್ತು ನಾವು ಬಿಸಿಲಲ್ಲಿ ನಿಂತೆವು.

ಅಮ್ಮ ಹಣೆ ಚಚ್ಚಿಕೊಂಡಳು. "ಇನ್ನು ಯಾವ ಮುಖ ಇಟ್ಕೊಂಡು ಎಲ್ಲಿಗೆ ಹೋಗೋದೋ?"

ಮಾವ ಗಂಭೀರವಾಗಿ ಯೋಚಿಸಿ ಹೇಳಿದ: "ಆ ಮೂಲೆ ಅಂಗಡಿಗೇ ಹೋಗೋಣ ಅಕ್ಕ. ಅವರ ಡಿಕಾಕ್ಷನ್ ಬಹಳ ಚೆನ್ನಾಗಿತ್ತು."

ನನ್ನ ಬಾಳಿನ ಮೊದಲನೇ ಸೂಟಿನ ಬಟ್ಟೆ ಆಯ್ಕೆಯಾದದ್ದು ಹೀಗೆ.

ಬೀದಿಗೆ ಬಂದ ಬಟ್ಟೆ

ಮೂಲೆ ಅಂಗಡಿಯಲ್ಲಿ ಒಂದು ಕಂದು ಬಣ್ಣದ ಬಟ್ಟೆ ಅಮ್ಮನಿಗೆ ಹಿಡಿಸಿತು. ಹಿಡಿಸಿತು ಅಂತ ನಮಗೆ ಗೊತ್ತಾದದ್ದು ಅವಳು ಅದನ್ನು ಬೈಯಲು ಶುರು ಮಾಡಿದ ಮೇಲೆ. "ಇದೇನು ಗೋಣಿತಾಟಿನ ಹಾಗಿದೆ... ಇದಕ್ಕೆ ಇಷ್ಟು ರೇಟಾ?" ಯಜಮಾನರು ನಗುತ್ತಲೇ ಇದ್ದರು, ರೇಟು ಮಾತ್ರ ಅಲ್ಲಾಡಲಿಲ್ಲ.

ಕೊನೆಗೆ ಅಮ್ಮ, "ದೀಪದ ಬೆಳಕಲ್ಲಿ ಏನು ಗೊತ್ತಾಗುತ್ತೆ? ಬಿಸಿಲಿಗೆ ಹಿಡಿದು ನೋಡ್ಬೇಕು," ಅಂತ ಬಟ್ಟೆಯ ಸೆರಗು ಹಿಡಿದು ಹೊರಟೇಬಿಟ್ಟಳು. ಇನ್ನೊಂದು ತುದಿ ಥಾನಿನಲ್ಲೇ ಇತ್ತು. ಬಟ್ಟೆ ಗಾದಿ ದಾಟಿತು, ಮೆಟ್ಟಿಲು ಇಳಿಯಿತು, ಬೀದಿಗೆ ಬಂತು. ಒಂದು ಜಟಕಾ ನಿಂತಿತು. ಅದರ ಹಿಂದೆ ಸೈಕಲ್ಲಿನವರು ನಿಂತರು. ಒಳಗೆ ಯಜಮಾನರು ಥಾನು ಅವುಚಿಕೊಂಡು "ತಾಯಿ, ನಿಧಾನ, ನಿಧಾನ" ಅನ್ನುತ್ತಿದ್ದರು.

ಹೊರಗೆ ದೊಡ್ಡ ಪೇಟದ ಹಿರಿಯರೊಬ್ಬರು ಬಟ್ಟೆ ಮುಟ್ಟಿ ನೋಡಿ, "ಚೆನ್ನಾಗಿದೆಯಲ್ಲಮ್ಮ, ಗಜಕ್ಕೆ ಎಷ್ಟು?" ಅಂದರು.

ಎಲ್ಲಿ ಅವರು ಕೊಂಡುಬಿಡುತ್ತಾರೋ ಅಂತ ಅಮ್ಮ ಹೆದರಿದಳು. "ಬೇಡಿ ಸ್ವಾಮಿ, ನೋಡೋಕೆ ಚೆಂದ ಅಷ್ಟೆ. ಒಗೆದ್ರೆ ಬಣ್ಣ ಹೋಗುತ್ತೆ, ಕುಗ್ಗುತ್ತೆ, ಮೈ ಕೆರೆಯುತ್ತೆ," ಅಂತ ಇಡೀ ಬೀದಿಗೆ ಕೇಳುವ ಹಾಗೆ ಹೇಳಿದಳು. ಅವರು ಕೈ ಕೊಡವಿಕೊಂಡು ಹೋದರು. ಅವರ ಹಿಂದೆ ಅಂಗಡಿ ಹತ್ತುತ್ತಿದ್ದ ಇಬ್ಬರು ಗಿರಾಕಿಗಳೂ ಇಳಿದು ಹೋದರು.

ಅಂಗಡಿ ಯಜಮಾನರು ಬರಿಗಾಲಲ್ಲೇ ಓಡಿ ಬಂದು ಕೈಮುಗಿದರು. "ತಾಯಿ, ಒಳಗೆ ಕೂತು ಎಷ್ಟು ಬೇಕಾದ್ರೂ ಬೈಯಿರಿ. ಬೀದೀಲಿ ಬೇಡಿ. ನೀವು ಕೇಳಿದ ರೇಟಿಗೇ ಕತ್ತರಿಸ್ತೀನಿ, ದಯವಿಟ್ಟು ಒಳಗೆ ಬನ್ನಿ."

ಮುಂದಿನ ನಾನು

ಹೊಲಿಗೆ ಮಾಸ್ಟರು ಚಾಮರಾಜಪೇಟೆಯವರೇ, ಚಿಕ್ಕಮ್ಮನ ಮನೆಯಿಂದ ಕೂಗಳತೆ ದೂರ. ಕೊರಳಲ್ಲಿ ಟೇಪು, ಕಿವಿಯ ಮೇಲೆ ಸೀಸದ ಕಡ್ಡಿ. ನನ್ನ ಎದೆ ಸುತ್ತ ಟೇಪು ತಂದು ಅಳತೆ ಓದಿದರು.

"ಇನ್ನೂ ಬಿಡಿ," ಅಂದಳು ಅಮ್ಮ.

"ಎಷ್ಟು ಬಿಡಲಮ್ಮ?"

"ಬೆಳೆಯೋ ಹುಡುಗ."

ಮಾಸ್ಟರು ನನ್ನ ಮೀಸೆ ನೋಡಿದರು. "ವಯಸ್ಸೆಷ್ಟು ಸ್ವಾಮಿ?"

"ಇಪ್ಪತ್ತಾರು," ಅಂದೆ ನಾನು, ನೆಲ ನೋಡುತ್ತ.

"ಉದ್ದಕ್ಕಲ್ಲ ಮಾಸ್ಟ್ರೇ, ಅಡ್ಡಕ್ಕೆ," ಅಂತ ಅಮ್ಮ ವಿವರಿಸಿದಳು. "ಇವರಪ್ಪನೂ ಮದುವೇಲಿ ಹೀಗೇ ಕಡ್ಡಿ ಹಾಗಿದ್ರು. ವರ್ಷ ತುಂಬೋದರೊಳಗೆ ಮದುವೆ ಕೋಟು ತೋಳು ದಾಟಲಿಲ್ಲ. ಅಷ್ಟು ಒಳ್ಳೆ ಬಟ್ಟೆ, ದಂಡ. ಸೂಟು ಅಂದ್ರೆ ದಿನಾ ಹೊಲಿಸೋ ವಸ್ತುವಾ? ಮದುವೆ ಆದ್ಮೇಲಿನ ಅಳತೆಗೇ ಹೊಲೀರಿ."

"ಮದುವೆ ಆದ್ಮೇಲಿನ ಅಳತೆ ನಾನೆಲ್ಲಿಂದ ತರ್ಲಿ ತಾಯಿ?"

ಅಮ್ಮ ಅತ್ತಿತ್ತ ನೋಡಿದಳು. ಬಾಗಿಲಲ್ಲಿ ಮಾವ ಎಲೆಅಡಿಕೆ ಹಾಕುತ್ತ ಹೊಟ್ಟೆ ಸವರಿಕೊಳ್ಳುತ್ತಿದ್ದ. "ಬಾರೋ ಇಲ್ಲಿ. ಇವನದು ತಗೊಳ್ಳಿ ಮಾಸ್ಟ್ರೇ. ಒಂದೇ ರಕ್ತ, ಇವನಷ್ಟಲ್ಲದಿದ್ರೂ ಇವನ ಹತ್ತಿರಕ್ಕೆ ಬರ್ತಾನೆ. ಇಬ್ಬರ ಮಧ್ಯಕ್ಕೆ ಒಂದು ಅಳತೆ ಹಿಡೀರಿ."

ಮಾಸ್ಟರು ದೊಡ್ಡ ನಿಟ್ಟುಸಿರು ಬಿಟ್ಟು ಮಾವನ ಹೊಟ್ಟೆಗೂ ಟೇಪು ಸುತ್ತಿದರು. ಬರೆದುಕೊಂಡರು. ಆಮೇಲೆ ಸೀಸದ ಕಡ್ಡಿ ಕಿವಿಗಿಟ್ಟು ಕೇಳಿದರು:

"ಸರಿ. ಟ್ರಯಲ್‌ಗೆ ನಿಮ್ಮಿಬ್ಬರಲ್ಲಿ ಯಾರು ಬರ್ತೀರಿ?"

ಕೊನೆಗೆ ಬಂದವರ ಮಾತು

ಟ್ರಯಲ್‌ಗೆ ನಾನೊಬ್ಬನೇ ಕದ್ದು ಹೋದೆ. ಕನ್ನಡಿಯಲ್ಲಿ ಕಂಡದ್ದು ಕೋಟೊಂದೇ. ನಾನು ಅದರೊಳಗೆ ಎಲ್ಲೋ ಇದ್ದೆ. ಭಾನುವಾರ ಆ ಆಡಿಟ್ ಕಣ್ಣು ಇದನ್ನು ನೋಡಿದರೆ ಕತೆ ಮುಗಿಯಿತು ಅನ್ನಿಸಿತು.

"ಮಾಸ್ಟ್ರೇ, ನಿಮ್ಮ ದಮ್ಮಯ್ಯ, ಕಿರಿದು ಮಾಡಿ. ಈ ಸಂಬಂಧ ತಪ್ಪಿದ್ರೆ ನಾನು ಮದುವೇನೇ ಆಗಲ್ಲ," ಅಂದೆ.

ಮಾಸ್ಟರಿಗೆ ಕನಿಕರ ಬಂತು. "ಹೋಗಿ ಸ್ವಾಮಿ, ಮಾಡ್ತೀನಿ," ಅಂದರು.

ಶನಿವಾರ ಸಾಯಂಕಾಲ ಕೋಟು ತಂದು ಹಾಕಿ ನೋಡಿದರೆ ಮೊದಲಿಗಿಂತಲೂ ದೊಡ್ಡದಾಗಿದೆ! ಓಡಿದೆ. ಅಂಗಡಿ ಬಾಗಿಲು ಹಾಕುತ್ತಿದ್ದ ಮಾಸ್ಟರು ಹೇಳಿದರು:

"ನೀವು ಬಂದು ಕಿರಿದು ಮಾಡಿ ಅಂದ್ರಿ, ಮಾಡಿದೆ. ನಿಮ್ಮ ಚಿಕ್ಕಮ್ಮ ಬಂದು ಸ್ವಲ್ಪ ಬಿಡಿ ಅಂದ್ರು, ಬಿಟ್ಟೆ. ಆಮೇಲೆ ನಿಮ್ಮಮ್ಮ ಬಂದು ಪೂರ್ತಿ ಬಿಚ್ಚಿಸಿದ್ರು. ಸೂಟು ಹೊಲಿಯೋನು ಎಲ್ಲರ ಮಾತೂ ಕೇಳೋಕಾಗುತ್ತಾ ಸ್ವಾಮಿ? ಕೊನೆಗೆ ಬಂದವರ ಮಾತು ಕೇಳ್ತೀನಿ."

"ಈಗ ನಾನು ಬಂದಿದೀನಲ್ಲ!"

"ಈಗ ಅಂಗಡಿ ಮುಚ್ಚಿದೆ," ಅಂತ ಬೀಗ ಹಾಕಿದರು.

ಮೂರನೆಯವನು

ಅಮ್ಮ ಹೋಗಿ ಎಷ್ಟೋ ವರ್ಷವಾಯಿತು, ಮಾವನೂ ಇಲ್ಲ. ಆದರೂ ಆ ಭಾನುವಾರ ಜಟಕಾದಲ್ಲಿ ನನ್ನ ಎರಡೂ ಪಕ್ಕ ಅವರು ಕೂತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಗಾಳಿಗೆ ಕೋಟು ಉಬ್ಬಿದಾಗಲೆಲ್ಲ ಅಮ್ಮ ಈ ಕಡೆಯಿಂದ ತಟ್ಟುವಳು, ಮಾವ ಆ ಕಡೆಯಿಂದ ತಟ್ಟುವನು. ಇಬ್ಬರಿಗೂ ನನ್ನ ಮದುವೆಯ ಚಿಂತೆ. ಅವರ ಮೇಲೆ ನನಗೆ ಎಷ್ಟು ಕೋಪ ಬಂದಿತ್ತೋ, ಈಗ ನೆನೆದರೆ ಅಷ್ಟೇ ಪ್ರೀತಿ ಉಕ್ಕುತ್ತದೆ.

ಮಲ್ಲೇಶ್ವರದ ನಡುಮನೆಯಲ್ಲಿ ಚಾಪೆ ಹಾಸಿತ್ತು. ಹುಡುಗಿ ಬಂದು ಉಪ್ಪಿಟ್ಟಿನ ತಟ್ಟೆ ಇಟ್ಟು, ಒಂದು ಸಲ ನನ್ನ ಮುಖ, ಒಂದು ಸಲ ಕೋಟು ನೋಡಿ, ತುಟಿ ಕಚ್ಚಿಕೊಂಡು ಒಳಗೆ ಓಡಿದಳು. ಬಾಗಿಲ ಹಿಂದೆ ಬಳೆಯ ಸದ್ದು ನಿಂತಿತು. ಅಲ್ಲೇ ಇದ್ದಾಳೆ ಅಂತ ನನಗೆ ಗೊತ್ತು.

ಅವಳ ತಂದೆ ಕನ್ನಡಕ ಮೂಗಿನ ತುದಿಗೆ ಇಳಿಸಿ, ನನ್ನ ಕೋಟನ್ನು ಭುಜದಿಂದ ತುದಿಯವರೆಗೆ ಓದಿದರು.

"ಕೋಟು ಚೆನ್ನಾಗಿದೆ. ಯಾರದ್ದು?"

"ನನ್ನದೇ," ಅಂದೆ. ದನಿ ನನಗೇ ಕೇಳಿಸಲಿಲ್ಲ.

"ನಮ್ಮ ದೊಡ್ಡ ಅಳಿಯಂದಿರೂ ಹಾಗೇ ಅಂದಿದ್ರು."

ಅಮ್ಮನ ಮುಖ ಕೆಂಪಾಯಿತು. ಕಾಪಾಡೋಣ ಅಂತ ಮಾವ ಬಾಯಿ ಹಾಕಿದ: "ಇಲ್ಲ ಸ್ವಾಮಿ, ಹೊಸದು. ನನ್ನ ಅಳತೇನೂ ತಗೊಂಡು ಹೊಲ್ಸಿದ್ದು."

"ಹಾಗಾದ್ರೆ ಇದು ನಿಮ್ಮದು!"

"ಅಯ್ಯಯ್ಯೋ, ನನ್ನದಲ್ಲ!"

"ಹಾಕಿ ನೋಡೋಣ."

ನನ್ನ ಮೈಮೇಲಿದ್ದ ಕೋಟು ಬಿಚ್ಚಿ ಮಾವನ ಮೈಗೆ ಹೋಯಿತು. ತೋಳು ಹೇಗೋ ತೂರಿತು. ಗುಂಡಿ ಮಾತ್ರ ಕಾಜದ ಹತ್ತಿರಕ್ಕೂ ಬರಲಿಲ್ಲ. ಮಾವ ಉಸಿರು ಬಿಗಿಹಿಡಿದು ನಿಂತ. ಹುಡುಗಿಯ ತಂದೆ ಸುತ್ತಲೂ ಒಂದು ಸುತ್ತು ಬಂದು ತೀರ್ಪು ಕೊಟ್ಟರು:

"ಹುಡುಗನಿಗೆ ದೊಡ್ಡದು. ಮಾವನಿಗೆ ಚಿಕ್ಕದು. ಅಂದ್ಮೇಲೆ ಮೂರನೆಯವನು ಒಬ್ಬ ಇದಾನೆ. ಯಾರವನು?"

ನಾನು ಎದ್ದು ಹೋಗಿಬಿಡೋಣ ಅಂದುಕೊಂಡೆ. ಹುಡುಗಿ ತಪ್ಪಿಹೋದಳು ಅಂತ ಕಣ್ಣಲ್ಲಿ ನೀರೇ ಬಂತು. ಅಮ್ಮ ಅದನ್ನು ನೋಡಿದಳು. ಅದುವರೆಗೆ ಬಿಗಿಯಾಗಿ ಕೂತಿದ್ದವಳು ಸೆರಗು ಸರಿಮಾಡಿಕೊಂಡು ಹೇಳಿದಳು:

"ಮೂರನೆಯವನೂ ಇವನೇ ಸ್ವಾಮಿ. ಮದುವೆ ಆದ್ಮೇಲೆ ನಿಮ್ಮ ಮಗಳ ಕೈ ಅಡುಗೆ ತಿಂದು ದಪ್ಪ ಆಗ್ತಾನಲ್ಲ, ಅವನಿಗೆ ಅಂತ ಹೊಲ್ಸಿದ್ದು. ನಾನೇ ಹೇಳಿ ದೊಡ್ಡದು ಮಾಡ್ಸಿದೆ. ಹುಡುಗನ ತಪ್ಪೇನೂ ಇಲ್ಲ."

ನಡುಮನೆಯಲ್ಲಿ ಒಬ್ಬರೂ ಉಸಿರಾಡಲಿಲ್ಲ. ಮಾವನಂತೂ ಕೋಟಿನ ಕಾರಣಕ್ಕೇ ಉಸಿರಾಡುವ ಹಾಗಿರಲಿಲ್ಲ. ಆಗ ಬಾಗಿಲ ಹಿಂದಿನಿಂದ ಆ ದನಿ ಬಂತು:

"ಅಪ್ಪಾ, ನನಗೆ ಅನ್ನ ಮಾಡೋಕೂ ನೆಟ್ಟಗೆ ಬರಲ್ಲ ಅಂತ ಅವರಿಗೆ ಹೇಳ್ಬಿಡಿ. ಕೋಟು ಈಗಲೇ ಕಿರಿದು ಮಾಡಿಸ್ಕೊಳ್ಲಿ, ಪಾಪ."

"ಸುಮ್ನಿರೇ!" ಅಂತ ಅವಳ ತಾಯಿ ಒಳಗಿನಿಂದ ಗದರಿದರು. ಅಷ್ಟರಲ್ಲಿ ಹುಡುಗಿಯ ತಂದೆಯ ಭುಜ ಕುಲುಕತೊಡಗಿತ್ತು. ಕನ್ನಡಕ ತೆಗೆದು, ಕಣ್ಣು ಒರೆಸಿಕೊಂಡು, ಗೋಡೆಗೆ ಒರಗಿ ನಕ್ಕರು. ನಗುತ್ತಲೇ ಅಮ್ಮನ ಕಡೆ ತಿರುಗಿ, "ಕೇಳಿದ್ರಲ್ಲ ತಾಯಿ, ನಮ್ಮ ಕಡೆಯ ನಿಜ ಇದು. ಈಗ ನೀವೇ ಹೇಳಿ," ಅಂದರು.

ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ.

"ಅಡುಗೆ ನಾನು ಕಲಿಸ್ತೀನಿ. ಕೋಟಿಗೆ ಮಾತ್ರ ಯಾರೂ ಕತ್ತರಿ ಹಾಕ್ಕೂಡದು."