ಕುದುರೆ ರೇಸಿನಲ್ಲಿ ನಮ್ಮ ಕಾಕಾನ ನ್ಯಾಯ

ನಮ್ಮ ಕಾಕಾ ಸಿಂಧನೂರು ಸೀಮೆಯಲ್ಲಿ ನಡೆದ ಒಂದು ಕುದುರೆ ರೇಸನ್ನೂ ತಪ್ಪಿಸಿಲ್ಲ. ಆದರೆ ಇದುವರೆಗೆ ಒಂದು ಕುದುರೆಯನ್ನೂ ನೋಡಿಲ್ಲ! ನಂಬುವುದಿಲ್ಲವೇ? ಒಮ್ಮೆ ಗೊರೇಬಾಳದ ಹತ್ತಿರ, ಭತ್ತ ಕೊಯ್ದು ಬಯಲಾದ ಗದ್ದೆಯಲ್ಲಿ ರೇಸು ಮುಗಿದ ಮೇಲೆ, "ಕಾಕಾ, ಯಾವ ಕುದುರಿ ಫಸ್ಟ್ ಬಂತು?" ಎಂದು ಕೇಳಿದೆ.

"ಅದ, ಕಂಕುಳಾಗ ಹೊಲಿಗಿ ಬಿಟ್ಟಿತ್ತು ನೋಡು, ಆ ನೀಲಿ ಅಂಗಿಯಂವಂದು" ಎಂದ. ಕುದುರೆಯ ಬಣ್ಣ ಯಾವುದೆಂದು ಕೇಳಿದರೆ, "ಕುದುರಿಗೆ ಅಂಗಿ ಹಾಕಿದ್ರೇನು, ನಾ ನೋಡಾಕ?" ಎಂದು ನನ್ನ ಮೇಲೆಯೇ ತಿರುಗಿಬಿದ್ದ.

ಕಾಕಾ ಮಸ್ಕಿಯಲ್ಲಿ ಟೇಲರ್. ಜೆಂಟ್ಸ್, ಲೇಡೀಸ್, ಬ್ಯಾಂಡಿನವರ ಡ್ರೆಸ್ಸು, ಎಲ್ಲವನ್ನೂ ಹೊಲಿಯುತ್ತಾನೆ. ನಾವು ನೀವೆಲ್ಲ ಮನುಷ್ಯರನ್ನು ನೋಡಿ ಮಾತಾಡಿಸುತ್ತೇವಲ್ಲ, ಕಾಕಾ ಕಾಲರನ್ನು ಮಾತಾಡಿಸುತ್ತಾನೆ. ಮದುವೆಗೆ ಹೋದರೆ ಅಕ್ಷತೆ ಹಾಕುವ ನೆಪದಲ್ಲಿ ಮದುಮಗನ ಕೋಟಿನ ಅಸ್ತರು ಮುಟ್ಟಿ ನೋಡುತ್ತಾನೆ. ಅದಾದರೂ ಇರಲಿ, ಒಮ್ಮೆ ಪರಿಚಯದ ಹಿರಿಯರೊಬ್ಬರು ತೀರಿಕೊಂಡಾಗ ಎಲ್ಲರೂ ಅಳುತ್ತಿರುವಾಗ, ಕಾಕಾ ನನ್ನ ಕಿವಿಯಲ್ಲಿ, "ಗುಂಡಿ ಕಾಜಾ ನೋಡು ತಮ್ಮಾ, ಇಪ್ಪತ್ತು ವರ್ಷದ ಅಂಗಿ. ಒಂದು ಎಳಿ ಬಿಟ್ಟಿಲ್ಲ. ನಂದ ಕೈ ಅದು!" ಎಂದ. ನಾನು ನಗು ತಡೆಯಲು ಕರವಸ್ತ್ರ ಬಾಯಿಗೆ ತುರುಕಿಕೊಂಡೆ. ಸತ್ತವರ ಮನೆಯವರು ನನ್ನ ದುಃಖ ನೋಡಿ ನನ್ನನ್ನೇ ಸಮಾಧಾನ ಮಾಡಿದರು.

ಇಂಥವನಿಗೆ ಕುದುರೆ ರೇಸಿನ ಗೀಳು ಹತ್ತಿದ್ದು ಹೇಗೆ? ತಪ್ಪು ರೇಸು ಕಮಿಟಿಯ ಅಧ್ಯಕ್ಷರದು. ಅವರು ಯಾವುದೋ ದೊಡ್ಡ ಊರಿನ ರೇಸಿಗೆ ಹೋಗಿ, ಅಲ್ಲಿ ಚಂದದ ಬಟ್ಟೆ ಹಾಕಿಕೊಂಡು ಬಂದ ಪ್ರೇಕ್ಷಕರಿಗೂ ಬಹುಮಾನ ಕೊಡುವುದನ್ನು ಕಂಡು ಬಂದರು. ಅಲ್ಲಿನ ಹೆಂಗಸರು ಮೊರದಗಲದ ಟೋಪಿ ಇಟ್ಟುಕೊಂಡಿದ್ದರಂತೆ. ನಮ್ಮಲ್ಲಿ ಟೋಪಿ ಎಲ್ಲಿಂದ ತರುವುದು? "ಬೆಸ್ಟ್ ಡ್ರೆಸ್ ಸ್ಪರ್ಧೆ, ಗಂಡಸರು ಹೆಂಗಸರು ಯಾರಾದರೂ ಬರಬಹುದು" ಎಂದು ಪಾಂಪ್ಲೆಟ್ ಹಂಚಿಸಿದರು. ಗೆದ್ದವರಿಗೆ ಬಹುಮಾನ ಮೊಣಕಾಲೆತ್ತರದ ಕಪ್ಪು. ಕುದುರೆಗೆ ಕೊಡುವ ಕಪ್ಪಿಗಿಂತ ಅದೇ ದೊಡ್ಡದು!

ಮೊದಲ ವರ್ಷವೇ ಅನಾಹುತವಾಯಿತು. ಸಾಲಗುಂದದ ಒಬ್ಬ ಅಜ್ಜ ಕಾಕಾ ಹೊಲಿದ ಬಿಳಿ ಅಂಗಿ, ಕಚ್ಚೆ ಧೋತರ, ಹೆಗಲಿಗೆ ಟವೆಲ್ಲು ಹಾಕಿಕೊಂಡು ನಿಂತಿದ್ದ. ನೋಡಿದವರು ಕಣ್ಣು ತೆಗೆಯಬಾರದು, ಹಾಗಿದ್ದ. ಕಪ್ಪು ಯಾರಿಗೆ ಹೋಯಿತು? ಆ ಕಪ್ಪನ್ನು ದಾನ ಕೊಟ್ಟ ಬಟ್ಟೆ ಅಂಗಡಿಯವರ ಅಳಿಯನಿಗೆ! ಆತ ಮಿರಿಮಿರಿ ಮಿಂಚುವ ಶೇರ್ವಾನಿಯಲ್ಲಿ ಬಂದಿದ್ದ. ಜಡ್ಜ್ ಯಾರು? ಅಳಿಯನ ಖಾಸಾ ದೋಸ್ತ್. ಕಾಕಾ ಸೀದಾ ವೇದಿಕೆ ಹತ್ತಿದವನೇ ಅಳಿಯನನ್ನು ಗಿರ್ರನೆ ಹಿಂದೆ ಮುಂದೆ ತಿರುಗಿಸಿದ.

"ನೋಡ್ರಪ್ಪೋ! ಬಾಡಿಗಿ ಅಂಗಿ! ಬೆನ್ನಾಗ ಏಳು ಪಿನ್ನು ಹಾಕ್ಯಾರ!" ಎಂದು ಮೈಕಿನಲ್ಲೇ ಕೂಗಿದ. ಅಳಿಯ ಆಮೇಲೆ ಇಡೀ ಹೊತ್ತು ಪ್ರೇಕ್ಷಕರಿಗೆ ಬೆನ್ನು ಕಾಣದಂತೆ ಕಂಬಕ್ಕೆ ಒರಗಿ ನಿಂತಿದ್ದ. ಕಾಕಾನನ್ನು ನಾಲ್ಕು ಜನ ಸೇರಿ ಕೆಳಗಿಳಿಸಿದರು.

ಆವತ್ತಿನಿಂದ ಅವನಿಗೆ ಹಗಲೂ ರಾತ್ರಿ ಅದೇ ಧ್ಯಾನ. ಜೀವಮಾನದಲ್ಲಿ ಒಮ್ಮೆಯಾದರೂ ಬಟ್ಟೆಗೆ ನ್ಯಾಯ ಸಿಗಬೇಕು! ಮುಖ ನೋಡಬಾರದು, ಮನೆತನ ನೋಡಬಾರದು, ಬರೀ ಬಟ್ಟೆ ನೋಡಿ ಫೈಸಲಾ ಹೇಳಬೇಕು. ಕಮಿಟಿಗೆ ಅರ್ಜಿಯ ಮೇಲೆ ಅರ್ಜಿ ಬರೆದ. ಅಂಗಡಿಗೆ ಬಂದ ಗಿರಾಕಿಯ ಕೊರಳಿಗೆ ಟೇಪು ಸುತ್ತಿ, ಪೂರ್ತಿ ಹಕೀಕತ್ತು ಹೇಳಿ ಮುಗಿಸುವ ತನಕ ಬಿಡುತ್ತಿರಲಿಲ್ಲ. ಕೊರಳು ಟೇಪಿನಲ್ಲಿ ಇದ್ದಾಗ ಯಾರು ತಾನೇ ಒಪ್ಪುವುದಿಲ್ಲ? ಕೊನೆಗೆ ಬೇಸತ್ತ ಅಧ್ಯಕ್ಷರು, "ಮಾರಾಯ, ಈ ಸಲ ನೀನ ಜಡ್ಜ್ ಆಗಪ್ಪಾ, ನಮ್ಮನ್ನ ಬಿಡು" ಎಂದು ಕೈ ಮುಗಿದರು.

ಸರಿ, ಕಾಕಾ ರೂಲು ಬರೆದ. ಸ್ಪರ್ಧಿಗಳ ಮುಖ ಕಾಣದಂತೆ ಕುತ್ತಿಗೆಯಿಂದ ಮೇಲಕ್ಕೆ ಅಡ್ಡಪರದೆ ಕಟ್ಟಬೇಕು. ಬಂಗಾರ, ವಾಚು ಕಾಣಬಾರದು, ಕೈ ಬೆನ್ನ ಹಿಂದೆ ಇರಬೇಕು. ಯಾರೂ ತುಟಿ ಪಿಟಕ್ಕೆನ್ನಬಾರದು. ಜಡ್ಜಿಗೆ ಗುರುತು ಸಿಕ್ಕವರು ಸ್ಪರ್ಧೆಯಿಂದ ಹೊರಗೆ. ಜಡ್ಜಿನ ಮನೆಯವರಿಗಂತೂ ಬಹುಮಾನವೇ ಇಲ್ಲ. ಇಷ್ಟನ್ನೂ ಬರೆದು ಕೆಳಗೆ ಸಹಿ ಹಾಕಿ, ಸಹಿಯ ಕೆಳಗೆ ಇನ್ನೊಂದು ಗೆರೆಯನ್ನೂ ಎಳೆದ.

ರೇಸಿನ ದಿನ ನಾನೂ ಕಾಕಾನೂ ಮಸ್ಕಿಯಿಂದ ಹೊರಟೆವು. ಕಾಕಾನ ಹೆಂಡತಿ, ನಮ್ಮ ಚಿಗವ್ವ, ಎರಡು ದಿನ ಮೊದಲೇ ಲಿಂಗಸುಗೂರಿನ ತವರುಮನೆಗೆ ಹೋಗಿದ್ದಳು. "ಕುದುರಿ ನೋಡಾಕ ನಾ ಯಾಕ ಬರ್ಲಿ, ನೀವ ಹೋಗ್ರಿ" ಎಂದಿದ್ದಳು.

ಗದ್ದೆಯ ಬಯಲಿನಲ್ಲಿ ಪರದೆ ಕಟ್ಟಿದರು. ಅದರ ಹಿಂದೆ ಹದಿನೆಂಟು ಜನ ಸಾಲಾಗಿ ನಿಂತರು. ತಲೆಗಳಿಲ್ಲ, ಬರೀ ಬಟ್ಟೆಗಳು! ಸೊಂಟಕ್ಕೆ ದಾರದಿಂದ ಕಟ್ಟಿದ ನಂಬರು ಚೀಟಿ. ಬಟ್ಟೆಗೆ ಪಿನ್ನು ಚುಚ್ಚಿದರೆ ಕಾಕಾ ಸುಮ್ಮನಿರುತ್ತಾನೆಯೇ? ಕೈಯಲ್ಲಿ ಮೈಕು ಹಿಡಿದು, ನ್ಯಾಯಾಧೀಶರ ಗತ್ತಿನಲ್ಲಿ ಒಂದನೇ ನಂಬರಿನ ಮುಂದೆ ನಿಂತ. ನಿಂತವನ ಮುಖ ಕಪ್ಪಿಟ್ಟಿತು.

"ಎಡಕ್ಕ ಇಳಿದಿರೋ ಈ ಭುಜ... ಇವ್ರು ನಮ್ಮ ಗೊರೇಬಾಳದ ಮಾಸ್ತರು!" ಎಂದ. ಪರದೆಯ ಹಿಂದಿನಿಂದ, "ಹೌದ್ರೀ, ನಾನ!" ಎಂದು ಮಾಸ್ತರರು ಖುಷಿಯಿಂದ ತಲೆ ಹೊರಗೆ ಹಾಕಿದರು. ಗುರುತು ಸಿಕ್ಕಿತಲ್ಲ, ಔಟು!

ಎರಡನೆಯವರ ಹೊಟ್ಟೆಯ ಸುತ್ತಳತೆ ಕಾಕಾನಿಗೆ ಬಾಯಿಪಾಠ. ಔಟು. ಮೂರನೆಯವರ ಒಂದು ತೋಳು ಅರ್ಧ ಇಂಚು ಉದ್ದ. ಔಟು. ಮುಖಕ್ಕೆ ಪರದೆ ಹಾಕಿ ಏನು ಉಪಯೋಗ? ಈ ಮನುಷ್ಯ ಊರವರನ್ನು ಮುಖದಿಂದ ಗುರುತಿಟ್ಟಿದ್ದರೆ ತಾನೇ! ಹದಿನೆಂಟರಲ್ಲಿ ಹದಿನಾಲ್ಕು ಜನ ಔಟಾದರು. ಎಲ್ಲರೂ ಅವನ ಗಿರಾಕಿಗಳೇ.

"ನಿನ್ನ ಕಡಿ ಹೊಲಿಸಿದ್ದ ನಮ್ಮ ತಪ್ಪಾತೇನೋ?" ಎಂದು ಮಾಸ್ತರರು ರೇಗಿದರು.

"ತಪ್ಪ ಅಲ್ರೀ ಸರ, ನ್ಯಾಯ!" ಎಂದ ಕಾಕಾ. ತನ್ನ ಕೈಕೆಲಸವನ್ನೆಲ್ಲ ತಾನೇ ಹೊರಗೆ ಹಾಕುವಾಗ ಒಂದೊಂದು ಅಂಗಿಯ ಕಾಲರನ್ನೂ ಸವರಿ ಕಳಿಸುತ್ತಿದ್ದ. ಪಾಪ, ಬಿಟ್ಟುಕೊಡಲಿಲ್ಲ.

ಉಳಿದದ್ದು ನಾಲ್ಕು. ಒಂದು ಬಾಡಿಗೆ ಶೇರ್ವಾನಿ, ಅದನ್ನು ಮೂಸಿ ನೋಡಿಯೇ ತಳ್ಳಿದ. ಒಂದು ಸೂಟಿಗೆ ಇಸ್ತ್ರಿ ಇರಲಿಲ್ಲ. ಒಂದು ಲಂಗ ದಾವಣಿ, ಅದಕ್ಕೆ ಒಳ್ಳೆಯ ಮಾರ್ಕು ಕೊಟ್ಟ. ಕೊನೆಗೆ ಹನ್ನೊಂದನೆಯ ಚೀಟಿ. ಹಸಿರು ಇಳಕಲ್ಲ ಸೀರೆ, ಕೆಂಪು ಜಂಪರು, ಎರಡೂ ಹೊಚ್ಚ ಹೊಸವು.

ನಾನು ಕುಳಿತಲ್ಲಿಂದ ಅರ್ಧ ಎದ್ದೆ. ಸೀರೆಯ ಕೆಳಗೆ ಕಂಡ ಆ ಪಾದಗಳು ಚಿಗವ್ವನವು! ಸಣ್ಣವನಿದ್ದಾಗ ಆ ಕಾಲುಗಳ ಮೇಲೆ ಮಲಗಿ ಎಣ್ಣೆ ಸ್ನಾನ ಮಾಡಿಸಿಕೊಂಡವನು ನಾನು, ನನಗೆ ಗೊತ್ತಾಗದೇ? ಹೇಳಲೋ ಬೇಡವೋ? ಹೇಳಿದರೆ ರೂಲು ಮುರಿಯುತ್ತದೆ. ತುಟಿ ಕಚ್ಚಿಕೊಂಡು ಮತ್ತೆ ಕುಳಿತೆ.

ಕಾಕಾ ಅಲ್ಲಿ ಬಹಳ ಹೊತ್ತು ನಿಂತ. ಮೈಕು ಬಾಯಿಗೆ ತಂದ.

"ಹೊಲಿಗಿ ಅಷ್ಟಕ್ಕಷ್ಟ. ತೋಳು ಬಿಗಿ ಆಗೇತಿ. ಯಾವನೋ ಹೊಲಿದಾನ, ಹೋಗ್ಲಿ ಬಿಡ್ರಿ. ಆದ್ರ ಉಟ್ಟಾಕಿ ನಿಂತ ನಿಲುವು ನೋಡ್ರಿ! ನೆರಗಿ ಒಂದೂ ಅತ್ತಿತ್ತ ಆಗಿಲ್ಲ. ಸೀರಿಗೆ ಈ ಯಮ್ಮನಿಂದ ಬೆಲಿ ಬಂದೈತಿ. ಇಷ್ಟು ವರ್ಷ ಮಷೀನ್ ತುಳಿದೀನಿ, ಇಷ್ಟು ಚಂದ ಉಟ್ಟಾಕಿನ್ನ ನಾ ಕಂಡಿಲ್ಲ. ಇಂಥಾಕಿಗೆ ಒಂದು ಜಂಪರ ಹೊಲಿಯೋ ಭಾಗ್ಯ ನನಗ ಸಿಗಲಿಲ್ಲ ನೋಡ್ರಿ! ಹನ್ನೊಂದನೇ ನಂಬರ ಫಸ್ಟ್!"

ಪರದೆ ಇಳಿಯಿತು.

ಹಸಿರು ಸೀರೆಯ ಮೇಲೆ ಚಿಗವ್ವನ ಮುಖ! ಆಮೇಲೆ ಎದ್ದ ನಗುವಿಗೆ ಓಟಕ್ಕೆ ನಿಂತ ಕುದುರೆಗಳು ಬೆದರಿದವು. ಮಸ್ಕಿಯವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು, ಏಕೆಂದರೆ ಅವರಿಗೆಲ್ಲ ಗೊತ್ತು: ಮೂವತ್ತು ವರ್ಷದಿಂದ ಚಿಗವ್ವ ಜಂಪರಿನ ಬಟ್ಟೆ ತಂದಿಡುವುದು, ಕಾಕಾ "ಗಿರಾಕಿ ಮೊದಲ, ನಿಂದು ಆಮೇಲೆ" ಎನ್ನುವುದು, ಚಿಗವ್ವ ಕಾದು ಕಾದು ಲಿಂಗಸುಗೂರಿಗೆ ಹೋಗಿ ಬೇರೆಯವರ ಹತ್ತಿರ ಹೊಲಿಸಿಕೊಳ್ಳುವುದು. ಊರಿನಲ್ಲೆಲ್ಲ ಕಾಕಾ ಟೇಪು ಹಿಡಿಯದ ಮೈ ಅದೊಂದೇ!

ಅಧ್ಯಕ್ಷರು ನಗುತ್ತ ಕಪ್ಪು ಎತ್ತಿ ಚಿಗವ್ವನ ಕಡೆ ಚಾಚಿದರು. ಕಾಕಾ ನಡುವೆ ಬಂದ. ಬೆವರಿ ನೀರಾಗಿದ್ದ.

"ತಡೀರಿ. ಜಡ್ಜಿನ ಮನಿಯವ್ರಿಗೆ ಬಹುಮಾನ ಇಲ್ಲ. ನಾನ ಬರದೀನಿ, ನಾನ ಸಹಿ ಹಾಕೀನಿ."

"ಏ ಕೊಡೋ ಮಾರಾಯ! ಗುರುತು ಸಿಗದ ಕೊಟ್ಟೀಯಲ್ಲ!" ಎಂದು ಜನ ಕೂಗಿದರು. ಔಟಾದ ಮಾಸ್ತರರೂ ಕೂಗಿದರು. ಕಾಕಾ ಜಪ್ಪಯ್ಯ ಅನ್ನಲಿಲ್ಲ. ಕಪ್ಪನ್ನು ಲಂಗ ದಾವಣಿಯ ಹುಡುಗಿಗೆ ಕೊಡಿಸಿದ. ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವಳು ಚಿಗವ್ವ. ನನಗಂತೂ ಸಿಟ್ಟು ನೆತ್ತಿಗೇರಿತು.

ಸಿಂಧನೂರಿನಿಂದ ಮಸ್ಕಿಗೆ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕುಳಿತೆವು. ಕಾಕಾ ತಲೆ ಎತ್ತಲಿಲ್ಲ. ತಡೆಯಲಾಗದೆ ನಾನೇ ಬಾಯಿಬಿಟ್ಟೆ. "ಕಾಕಾ, ಆ ಕಪ್ಪು ಆಕಿಗೆ ಕೊಟ್ಟಿದ್ರ ನಿನ್ನ ಗಂಟೇನು ಹೋಗ್ತಿತ್ತು?"

"ಸುಮ್ನಿರಲೇ" ಎಂದಳು ಚಿಗವ್ವ. "ಕೊಟ್ಟಿದ್ರ, ಹೇಣ್ತಿಗೆ ಕೊಟ್ಟಾನ ಅಂತಿದ್ರು ಮಂದಿ. ನಾನೂ ಹಂಗ ಅನ್ಕೋತಿದ್ನಿ. ಮನಿಯಾಗ ಒಂದು ದಿನ ಹೇಳಿಲ್ಲ ಇವ್ರು, ನೀ ಚಂದ ಕಾಣ್ತಿ ಅಂತ. ಹೇಳಿದ್ರೂ ನಾ ನಂಬ್ತಿದ್ದಿಲ್ಲ ಬಿಡು, ಅಡಿಗಿ ರುಚಿ ಆಗಿದ್ದಕ್ಕ ಹೇಳಾಕತ್ತಾರ ಅಂತಿದ್ನಿ. ಇವತ್ತು ಯಾರ ಅಂತ ಗೊತ್ತಿಲ್ದ ಹೇಳ್ಯಾರ. ಅದು ಸುಳ್ಳಾಗಾಕ ಹೆಂಗ ಸಾಧ್ಯ? ನನಗ ಅಷ್ಟ ಬೇಕಾಗಿತ್ತು."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ.

ಬಸ್ಸು ಬಹಳ ದೂರ ಹೋದ ಮೇಲೆ ಕಾಕಾ ಮೆಲ್ಲಗೆ ಅವಳ ಕಡೆ ತಿರುಗಿದ. ಬಟ್ಟೆಯ ಕಡೆಗಲ್ಲ, ಮುಖದ ಕಡೆಗೆ.

"ಆವಾಗ ಗೊತ್ತಿಲ್ದ ಹೇಳ್ದೆ. ಈಗ ಗೊತ್ತಿದ್ದ ಹೇಳಾಕತ್ತೀನಿ. ಚಂದ ಕಾಣ್ತಿ."

ಚಿಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಬಸ್ಸಿನ್ಯಾಗ ಮಂದಿ ಅದಾರ್ರೀ" ಎಂದಳು.

"ಇರ್ಲಿ" ಎಂದ ಕಾಕಾ. ಮತ್ತೊಮ್ಮೆ, ಈ ಸಲ ಡ್ರೈವರನಿಗೂ ಕೇಳುವ ಹಾಗೆ, ಹೇಳಿದ.