ತೋಳ ಯಾರ ಪಾಲಿಗೆ?

ಕನ್ನಡಕದಂಗಡಿಯವನ ಆ ದಿನದ ಗ್ರಹಚಾರ ಶುರುವಾದದ್ದು ಷಡ್ಡಕನ ಒಂದು ಫೋನಿನಿಂದ. ವಾರದ ರಜೆ, ಅಂಗಡಿ ಮುಚ್ಚಿತ್ತು. ಆರಾಮಕುರ್ಚಿಯಲ್ಲಿ ಕಾಲು ಚಾಚಿ, ತಲೆಯ ಮೇಲೆ ಫ್ಯಾನನ್ನು ಭರ್ರೆಂದು ತಿರುಗಲು ಬಿಟ್ಟು, ಇವತ್ತು ಏನೂ ಮಾಡಬಾರದೆಂಬ ಒಂದೇ ಕೆಲಸವನ್ನು ಅವನು ಶ್ರದ್ಧೆಯಿಂದ ಮಾಡುತ್ತಿದ್ದ.

"ಭಾವ, ಮಾವ ಹೊರಟಿದ್ದಾರೆ. ಇನ್ನೇನು ನಿಮ್ಮನೆ ಬಾಗಿಲಿಗೆ ಬಂದ್ರು ಅಂತ ತಿಳ್ಕೊಳ್ಳಿ."

"ಇಲ್ಲಿಗಾ? ಅವರ ಮನೆ ರಿಪೇರಿ ಮುಗಿಯೋವರೆಗೂ ನಿಮ್ಮಲ್ಲೇ ಅಂದಿದ್ರಲ್ಲಯ್ಯ!" ಕುರ್ಚಿ ಕಿರುಗುಟ್ಟಿತು.

"ದೊಡ್ಡ ಮಗಳ ಮನೇನೂ ಒಂದ್ಸಲ ನೋಡಿ, ಎಲ್ಲಿರೋದು ಅಂತ ಸಂಜೆ ಹೇಳ್ತಾರಂತೆ."

ಅವನು ಚಾಚಿದ ಕಾಲು ಮಡಚಿದ. ಮಾವ ನಿವೃತ್ತ ಲೆಕ್ಕದ ಮೇಷ್ಟ್ರು. ಕಳೆದ ಸಲ ಬಂದಿದ್ದಾಗ ಹೊತ್ತು ಹೋಗುವುದಿಲ್ಲವೆಂದು ದಿನವೂ ಅಂಗಡಿಗೆ ಬಂದು ಕೂರುತ್ತಿದ್ದರು. ಬಂದ ಗಿರಾಕಿಗಳನ್ನೆಲ್ಲ ಬೆಳಕಿಗೆ ನಿಲ್ಲಿಸಿ, ರೆಪ್ಪೆ ಎತ್ತಿ ನೋಡಿ, "ನಿಮ್ಮ ಕಣ್ಣಿಗೇನಾಗಿದೆ? ಚೆನ್ನಾಗೇ ಇದೆ. ತಣ್ಣೀರಲ್ಲಿ ಮುಖ ತೊಳ್ಕೊಳ್ಳಿ, ರಾತ್ರಿ ಬೇಗ ಮಲಗಿ," ಎಂದು ವಾಪಸ್ ಕಳಿಸುತ್ತಿದ್ದರು. ಹಾಗೆ ಹೋದವರಲ್ಲಿ ಎಷ್ಟೋ ಮಂದಿ ಇನ್ನೂ ತಿರುಗಿ ಬಂದಿರಲಿಲ್ಲ. ಇನ್ನೊಂದು ಸಲ ಮಾವ ಬಂದು ಕೂತರೆ ಅಂಗಡಿಗೆ ಬೀಗ ಜಡಿಯುವುದೊಂದೇ ಬಾಕಿ.

"ಹೆದರಬೇಡಿ, ಉಪಾಯ ಇದೆ," ಎಂದ ಷಡ್ಡಕ. "ಅವರ ಚೀಲದಲ್ಲಿ ಒಂದು ಎಲೆಯಾಟ ಇದೆ. ನಾನು ಪ್ರತಿ ಸಲಾನೂ ಸೋತೆ, ಅದಕ್ಕೇ ಇಲ್ಲಿ ಇಷ್ಟು ದಿನ ಕೂತ್ರು. ಸೋಲು ಅಂದ್ರೆ ಅವರಿಗೆ ಆಗೋದೇ ಇಲ್ಲ. ನೀವು ಒಂದೇ ಒಂದಾಟ ಗೆದ್ದುಬಿಡಿ, ಮುಖ ಊದಿಸ್ಕೊಂಡು ನಮ್ಮನೆಗೇ ವಾಪಸ್ ಬರ್ತಾರೆ."

"ಅಪ್ಪಿತಪ್ಪಿ ಇಲ್ಲೇ ಉಳಿದುಬಿಟ್ರೆ?"

"ನಾನೇನು ಸತ್ತುಹೋಗಿದ್ದೀನಾ ಭಾವ? ನಾಳೆ ಬೆಳಿಗ್ಗೇನೇ ಬಂದು ಕರ್ಕೊಂಡು ಹೋಗ್ತೀನಿ."

ದೇವರಂಥ ಮನುಷ್ಯ ಎಂದು ಅವನ ಕಣ್ಣು ತುಂಬಿ ಬಂತು. ಹೆಂಡತಿ ಮಾತ್ರ, "ಅವನು ತಾನಾಗೇ ಫೋನ್ ಮಾಡಿದ್ನಾ? ಅದೂ ನಿಮಗೆ ಸಹಾಯ ಮಾಡೋಕೆ?" ಎಂದು ಹುಬ್ಬು ಗಂಟಿಕ್ಕಿದಳು. ಅಷ್ಟರಲ್ಲಿ ಬಾಗಿಲು ಸದ್ದಾಯಿತು.

ಮಾವ ಒಳಗೆ ಬಂದವರೇ ಚೀಲವನ್ನು ಮೂಲೆಗಿಟ್ಟು, ಫ್ಯಾನ್ ಆರಿಸಿದರು. "ಗಾಳಿಗೆ ಎಲೆ ಹಾರುತ್ತೆ ಅಳಿಯಂದಿರೇ," ಎನ್ನುತ್ತಾ ಮೇಜಿನ ಮೇಲೆ ಎಲೆಗಳನ್ನು ಹಂಚಿಯೇಬಿಟ್ಟರು.

ಆಟ ಕಾಫಿ ಆರುವುದರೊಳಗೆ ಮುಗಿಯುವಂಥದ್ದು. ಇಬ್ಬರಿಗೂ ಒಂದೊಂದು ಕಂತೆ. ನಿಮ್ಮ ಕಂತೆಯಿಂದ ಒಂದು ಎಲೆ ಆರಿಸಿ ಕೆಳಮುಖ ಮಾಡಿ ಇಟ್ಟುಕೊಳ್ಳಿ, ಉಳಿದದ್ದನ್ನು ಎದುರಿನವರಿಗೆ ದಾಟಿಸಿ, ಅವರದ್ದನ್ನು ನೀವು ತೆಗೆದುಕೊಳ್ಳಿ. ಎಲೆ ಮುಗಿಯುವವರೆಗೂ ಹೀಗೇ. ಹೆಚ್ಚಿನವು ಬಿಳಿ ಕುರಿಗಳು: ಒಂದು ಎಲೆಯಲ್ಲಿ ಒಂದು, ಇನ್ನೊಂದರಲ್ಲಿ ಎರಡು, ಮೂರು. ಎಷ್ಟು ಕುರಿಯೋ ಅಷ್ಟು ಅಂಕ. ಇಡೀ ಆಟಕ್ಕೆ ತೋಳ ಒಂದೇ. ಅದು ಯಾರ ಪಾಲಿಗೆ ಬಂತೋ ಅವರ ಕುರಿಗಳೆಲ್ಲ ಸ್ವಾಹಾ. ಆದರೆ ನಾಯಿಯೂ ಒಂದಿದೆ. ತೋಳದ ಜೊತೆ ನಾಯಿಯೂ ಸಿಕ್ಕಿತೋ, ಕುರಿಗಳೂ ಉಳಿಯುತ್ತವೆ, ಮೇಲೆ ಹತ್ತು ಅಂಕ ಸಿಗುತ್ತದೆ.

ಅಳಿಯ ಸೋತ. ಮತ್ತೆ ಸೋತ. ಊಟಕ್ಕೇಳುವ ಹೊತ್ತಿಗೆ ಅವನ ಕುರಿಗಳನ್ನು ತಿಂದು ತಿಂದು ತೋಳಕ್ಕೇ ಅಜೀರ್ಣವಾಗುವಂತಿತ್ತು. ಮಾವ ಅವನ ಎಲೆಗಳನ್ನು ನೋಡಿದವರ ಹಾಗೆ ಆಡುತ್ತಿದ್ದರು. ಗೆಲ್ಲುತ್ತಿದ್ದರೂ ಮುಖದಲ್ಲಿ ನಗುವಿಲ್ಲ, ಆಕಳಿಕೆ ಬೇರೆ.

ಕೈ ತೊಳೆಯುವ ನೆಪದಲ್ಲಿ ಅಳಿಯ ಹಿತ್ತಲಿಗೆ ಹೋಗಿ, ಸ್ಪೀಕರ್ ಹಾಕಿ ಷಡ್ಡಕನಿಗೆ ಫೋನ್ ಮಾಡಿದ.

"ಭಾವ, ಗುಟ್ಟು ಹೇಳ್ತೀನಿ ಕೇಳಿ. ಈ ಆಟದಲ್ಲಿ ಏನು ಇಟ್ಕೊಂಡ್ರಿ ಅನ್ನೋದಲ್ಲ, ಏನು ದಾಟಿಸಿದ್ರಿ ಅನ್ನೋದು ಮುಖ್ಯ. ತೋಳಾನ ನಗ್ತಾ ನಗ್ತಾ ಕೊಡಬೇಕು. ಹಿಂದೇನೇ ನಾಯಿ ಬರ್ತಿದೆ ಅಂತ ಎದುರಿನವರಿಗೆ ಅನ್ನಿಸಬೇಕು. ನಾಯೀನ ಮಾತ್ರ ಯಾವತ್ತೂ ದಾಟಿಸಬಾರದು."

ಈ ಗುಟ್ಟನ್ನು ಪಕ್ಕದ ಮನೆಯ ದರ್ಜಿ ಗೋಡೆಯಾಚೆಯಿಂದ ಕೇಳಿಸಿಕೊಂಡ. ದರ್ಜಿ ಕೇಳಿಸಿಕೊಂಡದ್ದು ಮಹಡಿಯ ನರ್ಸಮ್ಮನಿಗೆ ತಿಳಿಯದೆ ಇರುತ್ತದೆಯೇ? ಮಧ್ಯಾಹ್ನದ ಆಟಕ್ಕೆ ಇಬ್ಬರೂ ಹಾಜರು. ದರ್ಜಿ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದು ಮಾವನ ಬೆನ್ನ ಹಿಂದೆ ನಿಂತ. "ನೀವು ಸುಮ್ನೆ ನನ್ನನ್ನ ನೋಡ್ತಿರಿ ಸಾರ್," ಎಂದು ಮೊದಲೇ ಪಿಸುಗುಟ್ಟಿದ್ದ. "ಮಾವನ ಕೈಲಿ ತೋಳ ಇದ್ರೆ ಕಿವಿ ಎಳ್ಕೋತೀನಿ, ನಾಯಿ ಇದ್ರೆ ಮೂಗು ಕೆರ್ಕೋತೀನಿ."

ಆಟ ಶುರುವಾಯಿತು. ದರ್ಜಿ ಕಿವಿ ಎಳೆದುಕೊಂಡ. ಪಕ್ಕದಲ್ಲಿದ್ದ ನರ್ಸಮ್ಮ ಅದು ತೋಳ ಅಲ್ಲ ಅಲ್ಲ ಎನ್ನುವಂತೆ ತಲೆಯಾಡಿಸಿದರು. ದರ್ಜಿ ಅವರನ್ನು ದುರುಗುಟ್ಟಿ ನೋಡಿ ಇನ್ನೂ ಜೋರಾಗಿ ಎಳೆದುಕೊಂಡ.

"ದರ್ಜಿಯವರೇ," ಎಂದರು ಮಾವ, ಹಿಂದಿರುಗಿ ನೋಡದೆಯೇ. "ಕಿವೀನ ಅಷ್ಟೊಂದು ಎಳೀಬೇಡಿ. ಉದ್ದ ಆದ್ರೆ ಮಡಿಸಿ ಹೊಲಿಯೋಕಾಗಲ್ಲ."

ದರ್ಜಿ ಕಿವಿ ಬಿಟ್ಟು ಟೇಪು ಸುತ್ತತೊಡಗಿದ.

"ಅಳಿಯಂದಿರ ಕನ್ನಡಕದಲ್ಲಿ ಇಡೀ ಮನೆ ಕಾಣ್ತಿದೆ," ಎಂದರು ಮಾವ. "ನಿಮ್ಮ ಎಲೆಗಳೂ ಬೆಳಗಿನಿಂದ ಅಲ್ಲೇ ಕಾಣ್ತಿದ್ವು. ನಿಮಗೆ ಯಾವಾಗ ಗೊತ್ತಾಗುತ್ತೋ ಅಂತ ಕಾದೆ. ತೆಗೆದಿಡಿ ಅದನ್ನ. ಹೊಸದಾಗಿ ಹಂಚ್ತೀನಿ, ಇದು ಕೊನೇ ಆಟ. ಇದಾದ ಮೇಲೆ ನಾನು ಎಲ್ಲಿರೋದು ಅಂತ ಹೇಳ್ತೀನಿ."

ಗಿರಾಕಿಗಳ ಮುಂದೆ ಠೀವಿ ತೋರಿಸಲೆಂದು ಅಂಗಡಿಯಲ್ಲೇ ಅತಿ ಹೆಚ್ಚು ಮಿರಿಮಿರಿ ಮಿಂಚುವ ಗಾಜನ್ನು ಹಾಕಿಸಿಕೊಂಡಿದ್ದವನು ಬೆಪ್ಪಾಗಿ ಕನ್ನಡಕ ತೆಗೆದಿಟ್ಟ. ಹತ್ತಿರದ್ದೇನೂ ಕಾಣದ ಕಣ್ಣು ಅವನದು. ಕೈ ಉದ್ದಕ್ಕೆ ಚಾಚಿದರೆ ಎಲೆ ಕಾಣುತ್ತಿತ್ತು, ಆದರೆ ಆಗ ಮಾವನಿಗೂ ಕಾಣುತ್ತಿತ್ತು. ಎದೆಗೊತ್ತಿಕೊಂಡರೆ ಬರೀ ಬಣ್ಣ: ಬಿಳಿಯದೆಲ್ಲ ಕುರಿ, ಬೂದು ಬಣ್ಣದ್ದು ತೋಳವೋ ನಾಯಿಯೋ, ಆ ಚಿತ್ರ ಬರೆದವನಿಗೇ ಗೊತ್ತು.

ಮೊದಲ ಸಲ ಕೈಯಲ್ಲಿದ್ದ ಬೂದು ಬಣ್ಣವನ್ನು ತೋಳವಿರಬಹುದೆಂದು ಬಿಟ್ಟು, ಬಿಳಿಯದೊಂದನ್ನು ಇಟ್ಟುಕೊಂಡು ಕಂತೆ ದಾಟಿಸಿದ. ಮಾವನ ಕಂತೆ ಕೈಗೆ ಬಂತು. ಅದರಲ್ಲೊಂದು ಬೂದು ಬಣ್ಣ. ನಾಯಿಯೇ ಇರಬೇಕು, ದಾಟಿಸಬಾರದು ಅಂತ ಷಡ್ಡಕ ಅಂದಿದ್ದಾನಲ್ಲ ಎಂದುಕೊಂಡು ಎತ್ತಿಟ್ಟ. ಮುಂದಿನ ಸಲ ತಾನು ಬಿಟ್ಟಿದ್ದ ಬೂದು ಬಣ್ಣವೇ ತಿರುಗಿ ಬಂತು. ಹಾಗಾದರೆ ಇದೇ ತೋಳ, ಹೇಗೂ ನಾಯಿ ನನ್ನ ಹತ್ತಿರವಿದೆ ಎಂದು ಅದನ್ನೂ ಬಾಚಿಕೊಂಡ. ಎದುರಿಗಿದ್ದ ಮಾವನ ಆಕಳಿಕೆ ಅರ್ಧಕ್ಕೇ ನಿಂತಿತು.

ಎಲೆಗಳು ಮುಗಿದವು. ಮಾವ ಅವನು ಇಟ್ಟುಕೊಂಡ ಎಲೆಗಳನ್ನು ಒಂದೊಂದಾಗಿ ತಿರುಗಿಸಿದರು. ಮೊದಲು ಕುರಿ. ಆಮೇಲೆ ತೋಳ. ಅದರ ಹಿಂದೆ ನಾಯಿ.

"ತೋಳಾನ ಮೊದಲು ತಗೊಂಡ್ರಾ?" ಮಾವ ತೋಳದ ಎಲೆಯನ್ನು ಎತ್ತಿ ಹಿಡಿದರು. "ನಾಯೀನ ನನ್ನ ಕೈಗೆ ದಾಟಿಸಿಬಿಟ್ಟು ತೋಳಾನ? ಒಂಟಿ ತೋಳಾನ ಯಾರು ಮುಟ್ತಾರೆ ಅಂತ ನಾನು ನಾಯೀನ ಬಿಟ್ಟು ಮೂರು ಕುರಿ ಹಿಡಿದೆನಲ್ಲ!"

ದರ್ಜಿ ಶಿಳ್ಳೆ ಹೊಡೆದ. ನರ್ಸಮ್ಮ ಚಪ್ಪಾಳೆ ತಟ್ಟಿದರು. ಮಾವ ಎದ್ದರು, ಮೂಲೆಗೆ ಹೋಗಿ ಚೀಲ ಎತ್ತಿಕೊಂಡರು. ಅಳಿಯನ ಎದೆಯೊಳಗೆ ವಾಲಗ ಶುರುವಾಯಿತು. ಓಡಿಹೋಗಿ ಬೀದಿ ಬಾಗಿಲನ್ನು ಅಗಲವಾಗಿ ತೆರೆದು ಹಿಡಿದ.

ಮಾವ ಬಾಗಿಲ ಕಡೆಗೆ ಬರಲಿಲ್ಲ. ಚೀಲವನ್ನು ಆರಾಮಕುರ್ಚಿಯ ಮೇಲಿಟ್ಟು, ಟವೆಲ್ ತೆಗೆದು ಗೋಡೆಯ ಮೊಳೆಗೆ ನೇತುಹಾಕಿದರು. ಹಲ್ಲುಜ್ಜುವ ಬ್ರಷ್ಷನ್ನು ಮಗಳ ಕೈಗೆ ಕೊಟ್ಟರು.

"ಚಿಕ್ಕ ಅಳಿಯಂದಿರು ಬೇಕು ಅಂತಲೇ ಸೋಲ್ತಿದ್ರು," ಎಂದರು. ಅವರ ಕಣ್ಣಲ್ಲಿ ನೀರಿತ್ತು. "ಅದೂ ಒಂದು ಆಟಾನಾ? ಬೇಜಾರಾಗಿ ನಿನ್ನೆ ಅವರಿಗೇ ಹೇಳ್ದೆ, ನನ್ನನ್ನ ಯಾರು ನಿಜವಾಗಿ ಸೋಲಿಸ್ತಾರೋ ಅವರ ಮನೇಲೇ ಇದ್ದುಬಿಡ್ತೀನಿ ಅಂತ. ಅವರು ನಿಮಗೆ ಹೇಳಲಿಲ್ವಾ?"

"ಮಾವ, ನನಗೆ ಕಣ್ಣೇ ಕಾಣಲಿಲ್ಲ! ದೇವರಾಣೆಗೂ ಅದು ನಾಯಿ ಅಂದ್ಕೊಂಡು..."

"ವಿನಯ ನೋಡಮ್ಮ ನಿನ್ನ ಗಂಡಂದು!" ಮಾವ ಅವನ ಬೆನ್ನು ತಟ್ಟಿದರು. "ರಿಪೇರಿ ಮುಗಿದ ಮೇಲೆ ಆ ಮನೇನ ಬಾಡಿಗೆಗೆ ಕೊಟ್ಟುಬಿಡ್ತೀನಿ. ನಾಳೆಯಿಂದ ಅಂಗಡೀಲೇ ಆಡೋಣ. ಮಧ್ಯೆ ಗಿರಾಕಿ ಬಂದ್ರೆ ಯೋಚನೆ ಮಾಡಬೇಡಿ, ಬೇಗ ಬೇಗ ಸಾಗಹಾಕೋದು ನನಗೆ ಬಿಡಿ."

ಅಳಿಯ ಹಿತ್ತಲಿಗೆ ಓಡಿ ಫೋನ್ ಹಚ್ಚಿದ. "ಏನಯ್ಯಾ, ಗೆದ್ದೆ ಕಣಯ್ಯಾ! ಅವರು ಇಲ್ಲೇ ಉಳಿದುಬಿಟ್ರು! ನಾಳೆ ಬೆಳಿಗ್ಗೆ ಬಂದು ಕರ್ಕೊಂಡು ಹೋಗ್ತೀನಿ ಅಂದಿದ್ಯಲ್ಲ, ಎಷ್ಟು ಹೊತ್ತಿಗೆ ಬರ್ತೀಯ?"

ಆಚೆ ಕಡೆ ಫ್ಯಾನು ಭರ್ರೆಂದು ತಿರುಗುವ ಸದ್ದು ಕೇಳಿಸುತ್ತಿತ್ತು. ಯಾರೋ ಆರಾಮಕುರ್ಚಿಯಲ್ಲಿ ಕಾಲು ಚಾಚಿದ ಹಾಗೆ ಕಿರ್ ಎಂದಿತು.

"ಭಾವ, ಮಧ್ಯಾಹ್ನಾನೇ ಹೇಳಿದ್ನಲ್ಲ," ಎಂದ ಷಡ್ಡಕ. "ತೋಳಾನ ನಗ್ತಾ ನಗ್ತಾ ಕೊಡಬೇಕು. ನಾಯೀನ ಯಾವತ್ತೂ ದಾಟಿಸಬಾರದು."

ಫೋನ್ ಕಟ್ಟಾಯಿತು. ಒಳಗಿನಿಂದ ಮಾವ ಕೂಗಿದರು: "ಅಳಿಯಂದಿರೇ, ಬನ್ನಿ, ಎಲೆ ಹಂಚಿದ್ದೀನಿ. ಕನ್ನಡಕ ಅಲ್ಲೇ ಬಿಟ್ಟು ಬನ್ನಿ."